ಒಂದನೇ ಕ್ಲಾಸಿಗೆ ಮೊದಲ ತಿಂಗಳು ಪಾಠ ಯಾಕೆ ಓಡಲ್ಲ? ಸಾಲು, ಗಂಟೆ, ಕೈ ತೊಳೆಯೋದರ ಹಿಂದಿನ ಲೆಕ್ಕ ಇಲ್ಲಿದೆ

ದಾವಣಗೆರೆ: ಶಾಲೆ ಶುರುವಾಗಿ ಮೂರು ವಾರ ಕಳೆದರೂ ಮಗುವಿನ ನೋಟ್‌ಬುಕ್ ಖಾಲಿ. ದಿನಾ ಸಾಲಾಗಿ ನಿಲ್ಲಿಸೋದು, ಬ್ಯಾಗ್ ಇಡೋ ಜಾಗ ತೋರಿಸೋದು, ಕೈ ತೊಳೆಸೋದು ಇಷ್ಟೇ ಆಯ್ತು ಅಂತ ಎಷ್ಟೋ ಪೋಷಕರಿಗೆ ಜೂನ್ ತಿಂಗಳಲ್ಲಿ ಅನ್ನಿಸುತ್ತೆ. ಆದರೆ ಒಂದನೇ ತರಗತಿ ಮಟ್ಟಿಗೆ ಅದೇ ಮೊದಲ ಪಾಠ. ಅದು ಸರಿಯಾಗಿ ಕೂರದಿದ್ದರೆ ವರ್ಷಪೂರ್ತಿ ಪಾಠಕ್ಕೆ ಪೆಟ್ಟು ಬೀಳುತ್ತೆ.

10 ನಿಮಿಷದ ಲೆಕ್ಕ

ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು. ಅಂದರೆ ದಿನಕ್ಕೆ 4 ಗಂಟೆ. ಪೆನ್ಸಿಲ್ ಹುಡುಕೋದು, ಜಾಗಕ್ಕೆ ಜಗಳ, ನೀರಿಗೆ ನೂಕುನುಗ್ಗಲು ಅಂತ ದಿನಕ್ಕೆ ಬರೀ 10 ನಿಮಿಷ ಹೋದರೂ 200 ದಿನಕ್ಕೆ 2,000 ನಿಮಿಷ, ಅಂದರೆ 33 ಗಂಟೆ ಹೋಯ್ತು. ಅದು ಎಂಟು ದಿನದ ಪಾಠಕ್ಕೆ ಸಮ. 20 ನಿಮಿಷ ಹೋದರೆ 16 ದಿನ.

ನಮ್ಮ ತಾಲ್ಲೂಕುಗಳಿಗೆ ಯಾಕೆ ಮುಖ್ಯ?

ಕಾಯ್ದೆಯಂತೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಹಾಗಾಗಿ ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 1, 2, 3ನೇ ತರಗತಿ ಮಕ್ಕಳು ಒಂದೇ ಕೊಠಡಿಯಲ್ಲಿ, ಒಬ್ಬರೇ ಮೇಷ್ಟ್ರು ಅಥವಾ ಮೇಡಂ ಹತ್ತಿರ ಕಲಿಯುತ್ತಾರೆ. ಅದೇ 'ನಲಿ-ಕಲಿ'. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಗಳ ಪದ್ಧತಿ ನೋಡಿ ಶುರುವಾಗಿದ್ದು, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಇಲ್ಲಿ ಮಗು ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂತು, ಮುಗಿದ ಮೇಲೆ ಅದೇ ಜಾಗಕ್ಕೆ ಇಡಬೇಕು. ಒಂದು ಗುಂಪಿಗೆ ಮೇಡಂ ಕಲಿಸುವಾಗ ಇನ್ನೊಂದು ಗುಂಪು ಗೆಳೆಯರ ಸಹಾಯದಿಂದ, ಮತ್ತೊಂದು ತಾನಾಗಿಯೇ ಕಲಿಯಬೇಕು. ಈ ರೂಢಿ ಇಲ್ಲದಿದ್ದರೆ ಮೇಡಂ ಇಡೀ ದಿನ ಗಲಾಟೆ ಬಿಡಿಸೋದರಲ್ಲೇ ಕಳೆಯುತ್ತಾರೆ.

ಏನೇನು ಕಲಿಸ್ತಾರೆ?

* ಒಳಗೆ ಬರುವುದು: ಚಪ್ಪಲಿ ಸಾಲು, ಬ್ಯಾಗ್ ಜಾಗ, ಹಾಜರಿ ಚಾರ್ಟ್‌ನಲ್ಲಿ ತನ್ನ ಹೆಸರಿನ ಮುಂದೆ ತಾನೇ ಗುರುತು ಹಾಕುವುದು. ಹೀಗೆ ಮಗು ಮೊದಲು ಗುರುತಿಸಿ ಓದುವ ಪದ ತನ್ನ ಹೆಸರೇ ಆಗಬಹುದು.
* ಹಾಲು: 2013ರ ಆಗಸ್ಟ್ 1ಕ್ಕೆ ಶುರುವಾದ ಕ್ಷೀರಭಾಗ್ಯದಲ್ಲಿ ಒಬ್ಬರಿಗೆ 150 ಮಿ.ಲೀ. ಬಿಸಿ ಹಾಲು. ಲೋಟ ಹಿಡಿಯುವುದು, ಕುಡಿದ ಮೇಲೆ ತೊಳೆದು ಇಡುವುದು ಸೇರಿ ಎಲ್ಲಕ್ಕೂ ಕ್ರಮ ಬೇಕು. ಬಿಸಿ ಹಾಲಿನ ಮುಂದೆ ನೂಕಾಟ ಅಪಾಯ.
* ಊಟ: ಸೋಪು ಹಾಕಿ ಕೈ ತೊಳೆದು ಸಾಲಾಗಿ ಕೂರುವುದು. ನೀರಿನ ತಾಪತ್ರಯ ಇರುವ ಜಗಳೂರು ಕಡೆ ಬಕೆಟ್, ಮಗ್ ಇಟ್ಟು ಒಬ್ಬರು ನೀರು ಹಾಕುವ ಪಾಳಿ ಮಾಡಿದರೆ ನೀರೂ ಉಳಿಯುತ್ತೆ.
* ಹೊರಗೆ ಹೋಗುವುದು: ಶೌಚಾಲಯಕ್ಕೆ ಹೇಗೆ ಕೇಳಬೇಕು, ಯಾರ ಜೊತೆ ಹೋಗಬೇಕು. ಹೇಳಲು ನಾಚಿ ತಡೆದುಕೊಳ್ಳುವ ಮಕ್ಕಳಿಗೆ ಇದು ದೊಡ್ಡ ಧೈರ್ಯ.

ಕೂರಿಸೋದು ಹೇಗೆ?

ಒಂದೇ ದಿನ ಹತ್ತು ನಿಯಮ ಹೇಳಿದರೆ ಮಗುವಿಗೆ ಒಂದೂ ನೆನಪಿರಲ್ಲ. ಮೊದಲು ಮೇಡಂ ತಾವೇ ಮಾಡಿ ತೋರಿಸಬೇಕು. ಆಮೇಲೆ ಇಬ್ಬರು ಮಕ್ಕಳಿಂದ ಮಾಡಿಸಿ, ನಂತರ ಎಲ್ಲರಿಂದ. ಒಂದು ಸಲೀಸಾದ ಮೇಲೆ ಇನ್ನೊಂದು. ಗುಂಪು ಬದಲಿಸಲು ಕೂಗುವ ಬದಲು ಒಂದು ಚಪ್ಪಾಳೆ ಅಥವಾ ಒಂದು ಹಾಡು ಸಾಕು. ದಸರಾ ರಜೆ ಮುಗಿದ ಮೇಲೆ ಒಂದೆರಡು ದಿನ ಮತ್ತೆ ನೆನಪಿಸಬೇಕು.

ದಿನಚರಿ ಅಂದರೆ ಬೆತ್ತ ಅಲ್ಲ. ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ತಟ್ಟೆ ತೊಳೆಯುವುದು, ಕಾರ್ಡ್ ಜೋಡಿಸುವುದು ಕಲಿಕೆ. ಮಕ್ಕಳ ಕೈಲಿ ಶೌಚಾಲಯ ತೊಳೆಸುವುದು ಕಲಿಕೆ ಅಲ್ಲ, ಹಾಗೆ ಮಾಡಿಸಬಾರದು ಅಂತ ಶಿಕ್ಷಣ ಇಲಾಖೆಯೇ ಹೇಳಿದೆ. ಅಂಥದ್ದು ಕಂಡರೆ ಎಸ್‌ಡಿಎಂಸಿ ಅಥವಾ ಬಿಇಒ ಕಚೇರಿಗೆ ತಿಳಿಸಿ.

ಎಲ್ಲಿ ತಪ್ಪುತ್ತೆ?

ಅತಿಥಿ ಶಿಕ್ಷಕರು ವರ್ಷದ ಮಧ್ಯೆ ಬದಲಾದಾಗ ಎಲ್ಲ ಮೊದಲಿನಿಂದ ಶುರುವಾಗುತ್ತೆ. ದಿನದ ಕ್ರಮವನ್ನು ಚಿತ್ರಸಮೇತ ಗೋಡೆಗೆ ಅಂಟಿಸಿದ್ದರೆ ಹೊಸಬರಿಗೆ ಮಕ್ಕಳೇ ಹೇಳಿಕೊಡುತ್ತಾರೆ.

ಇನ್ನೊಂದು ತಪ್ಪೋದು ಮನೆಯಲ್ಲಿ. ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕಾಲಕ್ಕೆ ಮನೆಮಂದಿ ಮಲಗುವುದೇ ತಡ. ಹೊನ್ನಾಳಿ, ನ್ಯಾಮತಿಯಲ್ಲಿ ಭತ್ತ, ಮೆಕ್ಕೆಜೋಳದ ಕೆಲಸ ಬಂದರೆ ಮಕ್ಕಳೂ ಹೊಲದ ಕಡೆ. ಪ್ರಾರ್ಥನೆ ಮುಗಿದ ಮೇಲೆ ಬರುವ ಮಗುವಿಗೆ ದಿನದ ಆರಂಭವೇ ತಪ್ಪಿಹೋಗಿರುತ್ತೆ. ಅವತ್ತೆಲ್ಲ ಪಕ್ಕದವರನ್ನು ನೋಡಿಕೊಂಡೇ ಕೂರುತ್ತೆ.

ನೀವು ಏನು ಮಾಡಬಹುದು?

ಬ್ಯಾಗನ್ನು ರಾತ್ರಿಯೇ ಮಗುವಿನಿಂದಲೇ ಜೋಡಿಸಿ. ನೀರಿನ ಬಾಟಲಿ, ಪೆನ್ಸಿಲ್ ಮೇಲೆ ಹೆಸರು ಬರೆಯಿರಿ. ಹತ್ತು ನಿಮಿಷ ಮುಂಚೆ ಶಾಲೆಗೆ ಬಿಡಿ. ಶಾಲೆ ಹತ್ತಿರದ ಅಂಗಡಿಯವರು ಬೆಲ್ ಹೊಡೆದ ಮೇಲೂ ಚಾಕೊಲೇಟ್, ಕುರ್ಕುರೆಗೆ ನಿಂತ ಮಕ್ಕಳಿಗೆ 'ಹೋಗಪ್ಪ, ಬೆಲ್ ಆಯ್ತು, ಸಂಜೆ ಬಾ' ಅಂದರೆ ಅದೂ ಶಾಲೆಗೆ ಮಾಡಿದ ದೊಡ್ಡ ಉಪಕಾರವೇ.

ಸಂಜೆ ಮಗು ಮನೆಗೆ ಬಂದಾಗ 'ಇವತ್ತು ಏನು ಬರೆದೆ' ಅನ್ನೋದರ ಜೊತೆಗೆ 'ಇವತ್ತು ನೀನೇ ಏನೇನು ಮಾಡ್ಕೊಂಡೆ' ಅಂತಲೂ ಕೇಳಿ. ಜೂನ್‌ನಲ್ಲಿ ಅದಕ್ಕೆ ಉತ್ತರ ಇದ್ದರೆ, ನೋಟ್‌ಬುಕ್ ತುಂಬೋದು ತಡ ಆಗಲ್ಲ.