ತಾವೇ ಸಂಖ್ಯಾಶಾಸ್ತ್ರ ಕಲಿಯುವವರು ಯಾವ ಪುಸ್ತಕ ಹಿಡಿಯಬೇಕು?

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಸಂದೇಹ ಕೇಳಲು ಮೇಷ್ಟ್ರಿದ್ದಾರೆ. ದೇವದುರ್ಗದಲ್ಲೋ ಮಾನ್ವಿಯಲ್ಲೋ ಕೆಲಸದ ನಡುವೆ ತಾವೇ ಸಂಖ್ಯಾಶಾಸ್ತ್ರ ಕಲಿಯಹೊರಟವರಿಗೆ ಪುಸ್ತಕವೇ ಎಲ್ಲ. ಸೂತ್ರ ಪೇರಿಸಿದ ಪರೀಕ್ಷಾ ಪುಸ್ತಕಗಳು ಬೇಕಾದಷ್ಟಿವೆ. ನಾನು ಮೊದಲು ನೋಡುವುದೇ ಬೇರೆ: ಈ ಅಂಕಿ ಎಲ್ಲಿಂದ ಬಂತು ಎಂದು ಪುಸ್ತಕ ಕೇಳುತ್ತದೆಯೇ?

ಮಾನ್ವಿಯ ಭತ್ತವನ್ನೇ ತೆಗೆದುಕೊಳ್ಳಿ. ಇಳುವರಿ ಅಂದಾಜಿಗೆ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಯಾರ ಇಷ್ಟಕ್ಕೂ ಬಿಡದೆ ಗದ್ದೆ ಆರಿಸಿ, ಅದರಲ್ಲಿ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗ ಗುರುತಿಸಿ, ಕೊಯ್ದು, ಒಕ್ಕಿ, ತೂಗುತ್ತಾರೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಮೊದಲು ಮುಟ್ಟುವ ಗದ್ದೆಗಳನ್ನಷ್ಟೇ ಆರಿಸಿದರೆ ಕೊನೆಭಾಗದ ರೈತರ ಬೆಳೆ ಲೆಕ್ಕಕ್ಕೇ ಬರುವುದಿಲ್ಲ. 16ರ ಬದಲು 64 ಗದ್ದೆ ಅಳೆದರೆ ಆಕಸ್ಮಿಕ ಏರಿಳಿತದ ದೋಷ ಅರ್ಧಕ್ಕಿಳಿದೀತು. ಆಯ್ಕೆಯ ದೋಷ ಕೂದಲಷ್ಟೂ ಇಳಿಯದು.

ಅಳತೆಯ ಜಾಗ ಎಷ್ಟು ದೊಡ್ಡದಿರಬೇಕು ಎಂಬುದೂ 1940ರ ದಶಕದಲ್ಲಿ ನಮ್ಮ ದೇಶದಲ್ಲಿ ದೊಡ್ಡ ಚರ್ಚೆಯಾಗಿತ್ತು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಚಿಕ್ಕ ಜಾಗ ಸಾಕೆಂದರು. ಅದರಿಂದ ಇಳುವರಿ ಹೆಚ್ಚಾಗಿ ಕಾಣುತ್ತದೆಂದು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ತೋರಿಸಿದರು. ಅಂಚಿನ ಮೇಲಿರುವ ತೆನೆಯನ್ನು ಕೊಯ್ಯುವವರು ಒಳಗೇ ಸೇರಿಸಿಕೊಳ್ಳುತ್ತಾರೆ. 5 ಮೀಟರ್ ಚೌಕದಲ್ಲಿ ಪ್ರತಿ ಚದರ ಮೀಟರಿಗೆ 0.8 ಮೀಟರ್ ಅಂಚು. 1 ಮೀಟರ್ ಚೌಕದಲ್ಲಿ 4 ಮೀಟರ್. ಅಂಚು ಐದು ಪಟ್ಟಾದರೆ ತಪ್ಪಿಗೂ ಅಷ್ಟು ಹೆಚ್ಚು ಅವಕಾಶ. ಇಷ್ಟು ಸರಳ ಗಣಿತದಲ್ಲಿ ಎಂಥ ಆಳದ ಪಾಠ!

ಹೀಗೆ ಯೋಚಿಸಲು ಕಲಿಸುವ ಪುಸ್ತಕ ಫ್ರೀಡ್‌ಮನ್, ಪಿಸಾನಿ, ಪರ್ವೆಸ್ ಬರೆದ ‘ಸ್ಟಾಟಿಸ್ಟಿಕ್ಸ್’. 1978ರಲ್ಲಿ ಬಂದದ್ದು. ಪೋಲಿಯೊ ಲಸಿಕೆಯ ಪ್ರಯೋಗದಿಂದ ಶುರುವಾಗುತ್ತದೆ. ಸಂಭವನೀಯತೆಯನ್ನು ಪೆಟ್ಟಿಗೆಯಿಂದ ಚೀಟಿ ಎತ್ತುವ ಮಾದರಿಯಲ್ಲಿ ಬಿಡಿಸಿ ಹೇಳುತ್ತದೆ. ಸೂತ್ರ ಕಡಿಮೆ, ತರ್ಕದಲ್ಲಿ ರಿಯಾಯಿತಿ ಇಲ್ಲ. ಮೊದಲು ಇದನ್ನೇ ಓದಿ, ಲೆಕ್ಕಗಳನ್ನು ಬಿಡದೆ ಮಾಡಿ. ಕೃಷಿಯವರು ಆಮೇಲೆ ಪಾನ್ಸೆ–ಸುಖಾತ್ಮೆಯವರ 1954ರ ಪುಸ್ತಕ ನೋಡಬಹುದು. ಸೂತ್ರಗಳ ಸಾಧನೆ (ಪ್ರೂಫ್) ಬೇಕೆನ್ನುವವರಿಗೆ ಗುಪ್ತ–ಕಪೂರ್ ಅವರ ಪುಸ್ತಕ ಇದೆ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ‘ಸ್ಟಾಟಿಸ್ಟಿಕ್ಸ್ ಅಂಡ್ ಟ್ರೂತ್’ ಪಠ್ಯವಲ್ಲ, ಆದರೂ ನಡುನಡುವೆ ಓದಿಕೊಳ್ಳಿ. ಇವೆಲ್ಲ ಇಂಗ್ಲಿಷಿನವು; ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಅಧ್ಯಾಯಗಳು ನಿಧಾನವಾದಾವು. ಆಗಲಿ, ಅವಸರವೇನಿಲ್ಲ.

ಒಂದೊಂದು ಅಧ್ಯಾಯ ಮುಗಿದಾಗಲೂ ಊರಿನ ಅಂಕಿ ಹಿಡಿದು ಅಭ್ಯಾಸ ಮಾಡಿ. ರಾಯಚೂರು ಎಪಿಎಂಸಿಯ ಹತ್ತಿ ದರಗಳನ್ನು ಒಂದು ತಿಂಗಳು ಬರೆದಿಟ್ಟು ಸರಾಸರಿ, ಹರವು ಲೆಕ್ಕಹಾಕಿ. ಬಳಿಕ ನೋಡಿ: ದೇವದುರ್ಗದ ಹಳ್ಳಿಯಲ್ಲಿ ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಮಾರಿದ ಹತ್ತಿಯ ದರ ಆ ಪಟ್ಟಿಯಲ್ಲಿ ಇರುವುದಿಲ್ಲ.