ನಿಲ್ಲದ ಹೀಟರ್ ಫ್ಯಾನ್: ಬೈಗುಳ ಮೋಟಾರಿಗೆ, ತಪ್ಪು ಬೇರೆ ಕಡೆ

ಕಾರಿನ ಹೀಟರ್ ಫ್ಯಾನ್ ಆಫ್ ಆಗುತ್ತಿಲ್ಲ ಎಂದು ಯಾರ ಹತ್ತಿರ ಹೇಳಿದರೂ ಬರುವ ಮೊದಲ ಸಲಹೆ, ‘ಮೋಟಾರ್ ಹೋಗಿದೆ, ಬದಲಾಯಿಸಿಬಿಡಿ.’ ಯೋಚಿಸಿ ನೋಡಿ: ಕೆಟ್ಟ ಮೋಟಾರ್ ತಿರುಗುವುದಿಲ್ಲ, ತಿರುಗಿದರೂ ಕಿರುಗುಟ್ಟುತ್ತದೆ. ಹೇಳದೆ ಕೇಳದೆ ತಿರುಗುತ್ತಲೇ ಇರುವ ಮೋಟಾರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಅದಕ್ಕೆ ಕರೆಂಟ್ ಯಾರು ಕೊಡುತ್ತಿದ್ದಾರೆ ಎಂಬುದೇ ಹುಡುಕಬೇಕಾದ ಸಂಗತಿ.

ಬೆಂಗಳೂರಿನಲ್ಲೋ ರಾಯಚೂರಿನಲ್ಲೋ ಹೀಟರ್ ಯಾರು ಹಾಕುತ್ತಾರೆ, ಇದು ಚಳಿ ದೇಶದವರ ತಲೆನೋವು ಅನ್ನುವವರೂ ಇದ್ದಾರೆ. ಆದರೆ ಹೀಟರಿಗೊಂದು, ಎಸಿಗೊಂದು ಎಂದು ಬೇರೆ ಬೇರೆ ಫ್ಯಾನ್ ಸಾಮಾನ್ಯವಾಗಿ ಇರುವುದಿಲ್ಲ. ಮೆಕ್ಯಾನಿಕ್‌ಗಳು ಬ್ಲೋವರ್ ಎನ್ನುವ ಒಂದೇ ಫ್ಯಾನು, ಬಹುತೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಕೂತು, ಎರಡೂ ಗಾಳಿಯನ್ನು ತಳ್ಳುತ್ತದೆ. ಬಿಸಿ ಬೇಕೆಂದಾಗ ಎಂಜಿನ್ನಿನ ಬಿಸಿ ಕೂಲಂಟ್ ಹರಿಯುವ ಪುಟ್ಟ ರೇಡಿಯೇಟರಿನ ಮೂಲಕ, ತಂಪು ಬೇಕೆಂದಾಗ ಎಸಿಯ ಕೂಲಿಂಗ್ ಕಾಯಿಲಿನ ಮೂಲಕ ಗಾಳಿ ಹಾಯುತ್ತದೆ, ಅಷ್ಟೇ.

‘ಗಾಡಿ ಆಫ್ ಮಾಡಿದರೂ ಫ್ಯಾನ್ ಸದ್ದು ಬರುತ್ತಿದೆ, ಏನೋ ಕೆಟ್ಟಿದೆ’

ಸದ್ದು ಎಲ್ಲಿಂದ ಎಂದು ಮೊದಲು ಕಿವಿಗೊಡಿ. ಬಾನೆಟ್ ಒಳಗಿಂದ ಬರುತ್ತಿದ್ದರೆ ಅದು ಎಂಜಿನ್ ತಣಿಸುವ ರೇಡಿಯೇಟರ್ ಫ್ಯಾನ್. ಘಾಟಿ ಹತ್ತಿ ಬಂದು ಗಾಡಿ ನಿಲ್ಲಿಸಿದ ಮೇಲೆ ಅದು ಕೆಲ ನಿಮಿಷ ಓಡುವುದು ಎಷ್ಟೋ ಮಾದರಿಗಳಲ್ಲಿ ಸಹಜ. ಹಾಗೆಂದು ತಣ್ಣಗಿನ ಎಂಜಿನ್ ಇಟ್ಟುಕೊಂಡು ರಾತ್ರಿಯಿಡೀ ಓಡಿದರೆ ಅದು ಬೇರೆಯೇ ದೂರು.

ಡ್ಯಾಶ್‌ಬೋರ್ಡಿನ ಒಳಗೇ ಸದ್ದು ಕೇಳಿದರೂ ಅದು ಬೇಕೆಂದೇ ಮಾಡಿಟ್ಟ ವ್ಯವಸ್ಥೆಯಾಗಿರಬಹುದು. ಎಸಿ ಕಾಯಿಲಿನ ಮೇಲೆ ನೀರು ನಿಂತರೆ ಬೂಸಲು ಹಿಡಿದು ಮುಗ್ಗಲು ವಾಸನೆ ಬರುತ್ತದಲ್ಲ, ಅದನ್ನು ತಡೆಯಲು ಎಂಜಿನ್ ನಿಂತ ಮೇಲೆ ಬ್ಲೋವರ್ ತಾನಾಗಿ ಓಡಿ ಕಾಯಿಲನ್ನು ಒಣಗಿಸುವ ಸೌಲಭ್ಯ ಕೆಲವು ಕಾರುಗಳಲ್ಲಿದೆ. ಹ್ಯುಂಡೈ ಸಮೂಹ 2020ರಲ್ಲಿ ಪ್ರಕಟಿಸಿದ ‘ಆಫ್ಟರ್ ಬ್ಲೋ’ ಇಂಥದ್ದೇ: ಗಾಡಿ ನಿಲ್ಲಿಸಿ ಸುಮಾರು ಅರ್ಧ ಗಂಟೆಯಾದ ಮೇಲೆ ಶುರುವಾಗಿ ಹತ್ತು ನಿಮಿಷ ಓಡುತ್ತದೆ. ಗೊತ್ತಿಲ್ಲದವರು ಪಾರ್ಕಿಂಗಿನಲ್ಲಿ ಬೆಚ್ಚಿಬೀಳುವುದರಲ್ಲಿ ಆಶ್ಚರ್ಯವಿಲ್ಲ. ಕೆಲವು ಮರ್ಸಿಡಿಸ್ ಕಾರುಗಳಲ್ಲಿ ‘ರೆಸ್ಟ್’ ಎಂಬ ಬಟನ್ ಇದೆ. ಎಂಜಿನ್ ನಿಂತ ಮೇಲೂ ಅದರಲ್ಲಿ ಉಳಿದ ಬಿಸಿಯನ್ನು ಒಳಗೆ ಊದುವುದು ಅದರ ಕೆಲಸ. ಕೈತಪ್ಪಿ ಒತ್ತಿದರೂ ಫ್ಯಾನ್ ಓಡುತ್ತದೆ. ಬಿಚ್ಚುವ ಮೊದಲು ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ. ನಾವು ಮಾತ್ರ ಅದನ್ನು ಪ್ಲಾಸ್ಟಿಕ್ ಕವರಿನಿಂದಲೇ ತೆಗೆದಿರುವುದಿಲ್ಲ.

ಇನ್ನೊಂದು ಸಣ್ಣ ಗೊಂದಲ. ಫ್ಯಾನ್ ಆಫ್ ಇದ್ದರೂ ಗಾಡಿ ವೇಗವಾಗಿ ಹೋಗುವಾಗ ಹೊರಗಿನ ಗಾಳಿ ವೆಂಟುಗಳಿಂದ ನುಗ್ಗುತ್ತದೆ. ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿದಾಗ ಅದು ನಿಂತರೆ ಕಾರಿಗೆ ಯಾವ ರೋಗವೂ ಇಲ್ಲ.

‘ಸ್ವಿಚ್ಚೇ ಕೆಟ್ಟಿರಬೇಕು’

ಇರಬಹುದು. ಆದರೆ ಅದಕ್ಕೂ ಮೊದಲು ಕೀ ತೆಗೆದು ನೋಡಿ. ಅರ್ಧ ರೋಗ ಅಲ್ಲೇ ತಿಳಿಯುತ್ತದೆ.

ಕೀ ತೆಗೆದರೂ ಓಡುತ್ತಿದ್ದರೆ ಮೊದಲ ಅನುಮಾನ, ಕರೆಂಟನ್ನು ಕೂಡಿಸಿ ಬಿಡಿಸುವ ರಿಲೇ ಎಂಬ ಭಾಗದ ಮೇಲೆ. ಬ್ಲೋವರ್ ಜೋರು ವೇಗದಲ್ಲಿ ಹತ್ತಿಪ್ಪತ್ತು ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟನ್ನು ದಿನಾ ಕೂಡಿಸಿ ಬಿಡಿಸಿ ರಿಲೇಯ ಒಳಗಿನ ತುದಿಗಳು ಒಮ್ಮೆ ಕರಗಿ ಅಂಟಿಕೊಳ್ಳುತ್ತವೆ; ಆಮೇಲೆ ಬಿಡುವುದಿಲ್ಲ. ಫ್ಯೂಸ್ ಬಾಕ್ಸಿನಿಂದ ಆ ರಿಲೇ ಕಿತ್ತಾಗ ಫ್ಯಾನ್ ನಿಂತರೆ, ಅದೇ ನಂಬರಿನ ಇನ್ನೊಂದನ್ನು ಹಾಕಿ ನೋಡಿ. ಕಿತ್ತರೂ ನಿಲ್ಲದಿದ್ದರೆ ಎಲ್ಲೋ ವೈರಿಂಗಿನಲ್ಲಿ ಬೇರೆ ದಾರಿಯಿಂದ ಕರೆಂಟ್ ಬರುತ್ತಿದೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಇಂಥ ಫ್ಯಾನಿನ ಮುಂದೆ ಕೆಲವು ಗಂಟೆಗಿಂತ ಹೆಚ್ಚು ನಿಲ್ಲಲಾರದು. ಆದ್ದರಿಂದ ಇದನ್ನು ನಾಳೆಗೆ ಬಿಡಬೇಡಿ.

ಕೀ ತೆಗೆದಾಗ ನಿಂತು, ಕೀ ಹಾಕಿದಾಗ ಮಾತ್ರ ಸೊನ್ನೆಯಲ್ಲೂ ತಿರುಗಿದರೆ ಕಥೆ ಬೇರೆ. ಮನೆಯಲ್ಲಿ ಸ್ವಿಚ್ ಕರೆಂಟ್ ಬರುವ ದಾರಿಯಲ್ಲಿರುತ್ತದೆ. ಬಹಳಷ್ಟು ಕಾರುಗಳಲ್ಲಿ ಬ್ಲೋವರ್ ಸ್ವಿಚ್ ಕರೆಂಟ್ ಹಿಂದಿರುಗುವ ದಾರಿಯಲ್ಲಿ, ಅಂದರೆ ಅರ್ಥ್ ಕಡೆ ಇರುತ್ತದೆ. ಮೋಟಾರಿಗೆ ಕರೆಂಟ್ ಸದಾ ಸಿದ್ಧ. ಹಾಗಾಗಿ ಇಲಿ ಕಡಿದೋ ತಿಕ್ಕಿಯೋ ಸಿಪ್ಪೆ ಕಳಚಿದ ಒಂದು ತಂತಿ ಬಾಡಿಗೆ ತಾಗಿದರೆ ಸಾಕು, ಸ್ವಿಚ್ಚನ್ನು ಕೇಳದೆ ಫ್ಯಾನ್ ಓಡುತ್ತದೆ. ಸ್ವಿಚ್ಚಿನ ಕನೆಕ್ಟರ್ ಬಿಡಿಸಿದಾಗ ನಿಂತರೆ ತಪ್ಪು ಸ್ವಿಚ್ಚಿನದು, ನಿಲ್ಲದಿದ್ದರೆ ತಂತಿಯದು.

ಆಟೊಮ್ಯಾಟಿಕ್ ಎಸಿ ಇರುವ ಕಾರಿನಲ್ಲಿ ಇಂಥ ಸ್ವಿಚ್ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ವೇಗ ನಿಯಂತ್ರಿಸುವುದು ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರ್ ಇರುವ ಒಂದು ಮಾಡ್ಯೂಲ್. ಅದು ಸುಟ್ಟಾಗ ಎಷ್ಟೋ ಸಲ ದಾರಿ ತೆರೆದುಕೊಂಡೇ ಸಾಯುತ್ತದೆ. ಯಾವ ಬಟನ್ ಒತ್ತಿದರೂ ಫ್ಯಾನ್ ಪೂರ್ತಿ ವೇಗದಲ್ಲೇ ಇರುತ್ತದೆ.

‘ರೆಸಿಸ್ಟರ್ ಸುಟ್ಟಿದೆ, ಒಂದು ತಂತಿ ಸುತ್ತಿದರೆ ಆಯಿತು’

ಇದು ತಪ್ಪು ಕಲ್ಪನೆ ಮಾತ್ರವಲ್ಲ, ಅಪಾಯ. ಮಾಮೂಲಿ ಎಸಿಯ ಕಾರುಗಳಲ್ಲಿ ವೇಗ ತಗ್ಗಿಸುವುದು ರೆಸಿಸ್ಟರ್. ಮನೆಯ ಸೀಲಿಂಗ್ ಫ್ಯಾನಿನ ಹಳೆಯ ಕಾಲದ ದಪ್ಪ ರೆಗ್ಯುಲೇಟರ್ ಇತ್ತಲ್ಲ, ಮುಟ್ಟಿದರೆ ಬೆಚ್ಚಗಿರುತ್ತಿದ್ದದ್ದು, ಅದರದ್ದೇ ಕೆಲಸ. ಕೊನೆಯ ನಂಬರಿನಲ್ಲಿ ಕರೆಂಟ್ ರೆಸಿಸ್ಟರನ್ನು ದಾಟದೆ ನೇರ ಹೋಗುತ್ತದೆ. ಅದಕ್ಕೇ ಅದು ಸುಟ್ಟಾಗ ಕೊನೆಯ ವೇಗವೊಂದೇ ಉಳಿಯುತ್ತದೆ. ರೆಸಿಸ್ಟರ್ ಗಾಳಿಯ ಕೊಳವೆಯೊಳಗೇ ಕೂತಿರುವುದು ಬ್ಲೋವರಿನ ಗಾಳಿಯಿಂದಲೇ ತಣಿಯಲಿ ಎಂದು. ಮೋಟಾರ್ ಬಿಗಿಯಾಗಿ ತಿರುಗತೊಡಗಿದರೆ ಕರೆಂಟ್ ಹೆಚ್ಚುತ್ತದೆ, ಗಾಳಿ ಕಡಿಮೆಯಾಗುತ್ತದೆ. ರೆಸಿಸ್ಟರ್ ಎರಡೂ ಕಡೆಯಿಂದ ಬೇಯುತ್ತದೆ. ಆಗ ಕಡಿದುಹೋಗಲೆಂದೇ ಅದರಲ್ಲೊಂದು ಥರ್ಮಲ್ ಫ್ಯೂಸ್ ಇಟ್ಟಿರುತ್ತಾರೆ. ತಂತಿ ಸುತ್ತುವವರು ಸುತ್ತುವುದು ಅದಕ್ಕೇ.

ಇದರ ಪರಿಣಾಮ ಏನೆಂದು ಬ್ರಿಟನ್ ನೋಡಿದೆ. ಅಲ್ಲಿ ವಾಕ್ಸ್‌ಹಾಲ್ ಕಂಪನಿಯ ಜಫೀರಾ ಬಿ ಕಾರುಗಳು ಡ್ಯಾಶ್‌ಬೋರ್ಡಿನಿಂದ ಹೊತ್ತಿಕೊಳ್ಳತೊಡಗಿದಾಗ, 2015ರಲ್ಲಿ ಎರಡೂಕಾಲು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಕಂಪನಿ ವಾಪಸ್ ಕರೆಸಿತು. ಥರ್ಮಲ್ ಫ್ಯೂಸನ್ನು ಯಾರೋ ಅಡ್ಡದಾರಿಯಲ್ಲಿ ರಿಪೇರಿ ಮಾಡಿದ್ದೇ ಕಾರಣ ಎಂಬುದು ಅದರ ಮೊದಲ ವಿವರಣೆ. ರೆಸಿಸ್ಟರ್ ಮತ್ತು ಫ್ಯೂಸ್ ಬದಲಾಯಿಸಿ ಕಳಿಸಿದ ಗಾಡಿಗಳಲ್ಲೂ ಬೆಂಕಿ ಕಾಣಿಸಿತು. 2016ರಲ್ಲಿ ಎರಡನೇ ಬಾರಿ ಕರೆಸಬೇಕಾಯಿತು. ನೀರು ಸೋರಿ ಬ್ಲೋವರ್ ಮೋಟಾರ್ ತುಕ್ಕು ಹಿಡಿದು ಬಿಗಿಯಾಗುತ್ತಿದ್ದದ್ದು ಆಗ ಹೊರಬಿತ್ತು. ಸಂಸತ್ತಿನ ಸಾರಿಗೆ ಸಮಿತಿಯೂ ಕಂಪನಿಯವರನ್ನು ಕೂರಿಸಿ ಪ್ರಶ್ನಿಸಿತು. ಮೋಟಾರ್ ತಪ್ಪಿತಸ್ಥನಾಗುವುದು ಹೀಗೆ, ಬಿಗಿಯಾದಾಗ. ನಿಲ್ಲದೆ ತಿರುಗಿದಾಗ ಅಲ್ಲ. 2017ರಲ್ಲಿ ಬಿಎಂಡಬ್ಲ್ಯು ಅಮೆರಿಕದಲ್ಲಿ 3 ಸೀರೀಸಿನ ಆರೂವರೆ ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕರೆಸಿದ್ದೂ ಹೀಟರ್-ಎಸಿಯ ವೈರಿಂಗ್ ಮತ್ತು ಕನೆಕ್ಟರ್ ಅತಿಯಾಗಿ ಬಿಸಿಯಾಗುತ್ತವೆ ಎಂಬ ಕಾರಣಕ್ಕೆ.

ಹಾಗಾಗಿ ರೆಸಿಸ್ಟರನ್ನೋ ಮಾಡ್ಯೂಲನ್ನೋ ಬದಲಾಯಿಸುವಾಗ ಜೊತೆಗೆ ಮೂರು ಕೆಲಸ ಮಾಡಿಸಿ. ಮೋಟಾರನ್ನು ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆಯೇ ನೋಡಬೇಕು. ಕರಗಿ ಕಂದಾದ ಕನೆಕ್ಟರಿಗೇ ಹೊಸ ಭಾಗ ಸಿಕ್ಕಿಸದೆ ಅದನ್ನೂ ಬದಲಾಯಿಸಬೇಕು. ಎಲೆ, ಧೂಳು ತುಂಬಿದ ಕ್ಯಾಬಿನ್ ಫಿಲ್ಟರ್ ತೆಗೆಸಬೇಕು. ಮರದ ಕೆಳಗೆ ಗಾಡಿ ನಿಲ್ಲಿಸುವವರು ಮುಂಗಾಜಿನ ಬುಡದ ನೀರು ಹೋಗುವ ತೂತುಗಳನ್ನೂ ಬಿಡಿಸಿಕೊಳ್ಳಲಿ. ಅಲ್ಲಿ ಕಟ್ಟಿದ ನೀರು ಇಳಿಯುವುದು ಬ್ಲೋವರಿಗೇ.

‘ಫ್ಯೂಸ್ ಕಿತ್ತಿಟ್ಟರೆ ಸಮಸ್ಯೆ ಮುಗಿಯಿತು’

ಆ ರಾತ್ರಿಯ ಮಟ್ಟಿಗೆ ಸರಿ, ಬ್ಯಾಟರಿ ಉಳಿಯುತ್ತದೆ. ಆದರೆ ಬ್ಲೋವರ್ ಇಲ್ಲದೆ ಮಳೆಯಲ್ಲಿ ಶಿರಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಮುಂಗಾಜಿನ ಒಳಮೈಗೆ ಮಂಜು ಕಟ್ಟಿದರೆ ಒರೆಸಲು ಬಟ್ಟೆಯೊಂದೇ ಗತಿ. ಫ್ಯೂಸ್ ಪದೇ ಪದೇ ಸುಡುತ್ತಿದ್ದರೆ ಹೆಚ್ಚು ಆಂಪಿಯರಿನದ್ದನ್ನು ಹಾಕುವವರಿದ್ದಾರೆ. ಹಾಗೆ ಮಾಡಿದಾಗ ಮುಂದಿನ ಸಲ ಸುಡುವುದು ವೈರಿಂಗ್.