ಕುಂಡದೊಳಗಿನ ಬಂಡವಾಳ: ಬೋನ್ಸಾಯ್ ಉದ್ಯಮದ ಲೆಕ್ಕಾಚಾರ

ವ್ಯಾಪಾರದಲ್ಲಿ ಹೂಡಿದ ಹಣ ಬೇಗ ಮರಳಬೇಕೆಂಬುದು ವರ್ತಕರ ಸಹಜ ಅಪೇಕ್ಷೆ. ಆದರೆ ಚಿತ್ರದುರ್ಗ ಜಿಲ್ಲೆಗೆ ದೀರ್ಘಾವಧಿಯ ಹೂಡಿಕೆ ಹೊಸತಲ್ಲ. ಹಿರಿಯೂರು ಬಳಿಯ ವಾಣಿವಿಲಾಸ ಸಾಗರದ ನಿರ್ಮಾಣ 1907ರಲ್ಲಿ ಪೂರ್ಣಗೊಂಡಿತು. ಅದು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ಕೂಡ ಹಲವು ವರ್ಷ ಕಾದ ಬಳಿಕವೇ ಫಲ ಕೊಡುವ ಬೆಳೆಗಳು. ಇದೇ ಸಾಲಿಗೆ ಸೇರುವ, ಆದರೆ ಲೆಕ್ಕದ ದೃಷ್ಟಿಯಿಂದ ತೀರ ಭಿನ್ನವಾದ ಒಂದು ಉದ್ಯಮವೆಂದರೆ ಬೋನ್ಸಾಯ್, ಅಂದರೆ ಕುಂಡದಲ್ಲಿ ಬೆಳೆಸುವ ಕುಬ್ಜ ಮರಗಳ ಕೃಷಿ. ನರ್ಸರಿ ನಡೆಸುವವರೂ ತೋಟದ ಮೂಲೆಯಲ್ಲಿ ಇದನ್ನು ಆರಂಭಿಸಬೇಕೆಂದಿರುವವರೂ ಇದರ ಆರ್ಥಿಕ ಸ್ವರೂಪವನ್ನು ಮೊದಲೇ ಅರಿಯುವುದು ಒಳಿತು.

ಇಟಲಿಯ ಪಾಠ

ಜಪಾನಿನಲ್ಲಿ ಬೆಳೆದ ಈ ಕಲೆಯನ್ನು ಯೂರೋಪಿನಲ್ಲಿ ಗಂಭೀರ ವೃತ್ತಿಯಾಗಿ ಸ್ವೀಕರಿಸಿದ ದೇಶಗಳಲ್ಲಿ ಇಟಲಿ ಪ್ರಮುಖವಾದುದು. ಮಾರ್ಕೊ ಇನ್ವೆರ್ನಿಝಿ ಅವರು ಜಪಾನಿನ ಪ್ರಸಿದ್ಧ ಕಲಾವಿದ ಮಸಾಹಿಕೊ ಕಿಮುರಾ ಅವರ ಬಳಿ ಶಿಷ್ಯರಾಗಿದ್ದು ಕಲಿತರು. ಮಿಲಾನ್ ಸಮೀಪದ ಪರಬಿಯಾಗೊದಲ್ಲಿ ಲುಯಿಜಿ ಕ್ರೆಸ್ಪಿ ಅವರು 1991ರಲ್ಲಿ ಬೋನ್ಸಾಯ್ ವಸ್ತುಸಂಗ್ರಹಾಲಯವನ್ನೇ ತೆರೆದರು. ಸಾವಿರ ವರ್ಷಕ್ಕೂ ಹಳೆಯದೆಂದು ಹೇಳಲಾಗುವ ಅಲ್ಲಿನ ಮುಖ್ಯ ಆಕರ್ಷಣೆಯ ಮರವು ನಮ್ಮ ಆಲ, ಅರಳಿ, ಅತ್ತಿಗಳ ಕುಲಕ್ಕೆ ಸೇರಿದ್ದು. ಆ ಕುಲದ ಉಷ್ಣವಲಯದ ಗಿಡಗಳು ಹಿಮದ ಚಳಿಯನ್ನು ತಾಳಲಾರವು; ಅಲ್ಲಿ ಅವುಗಳಿಗೆ ಗಾಜಿನ ಮನೆ ಬೇಕು. ಇಲ್ಲಿ ಅವು ಕೋಟೆಯ ಗೋಡೆಯ ಬಿರುಕಿನಲ್ಲಿಯೂ ತಾವಾಗಿ ಬೆಳೆಯುತ್ತವೆ.

ಕರ್ನಾಟಕಕ್ಕೂ ಈ ಕಲೆ ಅಪರಿಚಿತವಲ್ಲ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೋನ್ಸಾಯ್ ಉದ್ಯಾನವಿದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ನಾಡಿನ ದೊಡ್ಡ ಸಂಗ್ರಹಗಳಲ್ಲೊಂದು.

ಮೌಲ್ಯ ಹೆಚ್ಚುವ ಬಗೆ

ಗಿಡವನ್ನು ಚಿಕ್ಕದಾಗಿ ಇಟ್ಟಮಾತ್ರಕ್ಕೆ ಅದು ಬೋನ್ಸಾಯ್ ಆಗುವುದಿಲ್ಲ. ಮೊದಲು ನೆಲದಲ್ಲಿ ಬೆಳೆಸಿ ಕಾಂಡವನ್ನು ದಪ್ಪಗೊಳಿಸಬೇಕು. ಆಳವಿಲ್ಲದ ಕುಂಡದಲ್ಲಿ ಕಾಂಡ ದಪ್ಪವಾಗುವುದು ಬಹು ನಿಧಾನ. ಎರಡನೆಯ ಹಂತದಲ್ಲಿ ಅಲ್ಯೂಮಿನಿಯಂ ಅಥವಾ ತಾಮ್ರದ ತಂತಿ ಸುತ್ತಿ ಮುಖ್ಯ ಕೊಂಬೆಗಳಿಗೆ ದಿಕ್ಕು ಕೊಡಲಾಗುತ್ತದೆ. ತಂತಿ ತೊಗಟೆಯೊಳಗೆ ಇಳಿಯುವ ಮೊದಲೇ ಅದನ್ನು ಕತ್ತರಿಸಿ ತೆಗೆಯಬೇಕು. ಅಲಕ್ಷಿಸಿದರೆ ಉಳಿಯುವ ಗುರುತು ವರ್ಷಗಟ್ಟಲೆ ಮಾಯುವುದಿಲ್ಲ. ಮೂರನೆಯದು ಪರಿಷ್ಕರಣೆಯ ಹಂತ. ಚಿಗುರನ್ನು ಮತ್ತೆ ಮತ್ತೆ ಚಿವುಟಿದಾಗ ಒಂದು ರೆಂಬೆ ಎರಡಾಗಿ, ಎರಡು ನಾಲ್ಕಾಗಿ ಕವಲೊಡೆಯುತ್ತದೆ. ಕವಲು ಹೆಚ್ಚಿದಂತೆ ಎಲೆಯ ಗಾತ್ರ ಕುಗ್ಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬೇರು ಕತ್ತರಿಸಿ ಮಣ್ಣು ಬದಲಿಸಬೇಕು.

ಮೊದಲೆರಡು ಹಂತಗಳಿಗೆ ಕೆಲವು ವರ್ಷ ಸಾಕು. ಮೂರನೆಯದಕ್ಕೆ ಕೊನೆಯೇ ಇಲ್ಲ. ಇಟಲಿಯ ಕಲಾವಿದರು ಒಂದೇ ಮರವನ್ನು ದಶಕಗಳ ಕಾಲ ತಿದ್ದುತ್ತಾ ಹೋಗುವುದು ಇದೇ ಕಾರಣಕ್ಕೆ. ಮರದ ಬೆಲೆಯಲ್ಲಿ ಬಹುಪಾಲು ಈ ಹಂತದಲ್ಲಿ ಸೇರುತ್ತದೆ. ನಷ್ಟದ ಸಂಭವವೂ ಇಲ್ಲಿಯೇ ಬೆಳೆಯುತ್ತದೆ. ಬೇಸಿಗೆಯಲ್ಲಿ ಒಂದೆರಡು ದಿನ ನೀರು ತಪ್ಪಿದರೆ ಹತ್ತು ವರ್ಷದ ಶ್ರಮ ಒಣಗಿಹೋಗಬಹುದು.

ಕಾಲದ ಬೆಲೆ

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಗಿಡ ಮತ್ತು ಕುಂಡಕ್ಕೆ ಆರಂಭದಲ್ಲಿ ರೂ. 2,000, ನೀರು, ಗೊಬ್ಬರ, ಕೂಲಿಗಾಗಿ ಪ್ರತಿ ವರ್ಷದ ಕೊನೆಯಲ್ಲಿ ರೂ. 1,500, ಹಣದ ಮೇಲೆ ಶೇ. 10 ಚಕ್ರಬಡ್ಡಿ ಎಂದಿಟ್ಟುಕೊಳ್ಳೋಣ. ಹತ್ತು ವರ್ಷದಲ್ಲಿ ಕೈಯಿಂದ ಹೋದದ್ದು ರೂ. 17,000 ಎಂದು ಕಂಡರೂ ಬಡ್ಡಿ ಸೇರಿದ ನಿಜವಾದ ವೆಚ್ಚ ಸುಮಾರು ರೂ. 29,100. ಐದು ಗಿಡಗಳಲ್ಲಿ ಒಂದು ಅವಧಿಯ ಕೊನೆಯಲ್ಲಿ ಸತ್ತರೆ ಉಳಿದ ನಾಲ್ಕೂ ಅದರ ವೆಚ್ಚವನ್ನು ಹೊರಬೇಕು. ಆಗ ಪ್ರತಿ ಗಿಡದ ಅಸಲು ಸುಮಾರು ರೂ. 36,400 ಆಗುತ್ತದೆ. ಹದಿನೈದು ವರ್ಷ ಕಾದರೆ ಇದೇ ಮೊತ್ತ ರೂ. 70,000ದ ಸಮೀಪಕ್ಕೆ ಬರುತ್ತದೆ.

ಈ ಅಂಕಿಗಳು ಕೇವಲ ನಿದರ್ಶನ. ಆದರೆ ಇವುಗಳಿಂದ ತಿಳಿಯುವ ತತ್ವ ಸ್ಪಷ್ಟವಾಗಿದೆ: ಐದು ವರ್ಷ ಹೆಚ್ಚು ಕಾಯುವುದರಿಂದ ಬೆಲೆ ದುಪ್ಪಟ್ಟಾಗುವ ಭರವಸೆ ಇಲ್ಲದಿದ್ದರೆ ಕಾಯುವುದು ನಷ್ಟದ ದಾರಿ. ಆದ್ದರಿಂದ ಎಲ್ಲ ಗಿಡಗಳನ್ನೂ ದೀರ್ಘಕಾಲ ಇಟ್ಟುಕೊಳ್ಳುವುದು ವಿವೇಕವಲ್ಲ. ನೂರು ಗಿಡಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮೂರು ನಾಲ್ಕು ವರ್ಷದೊಳಗೆ ಮಾರಿ, ಇನ್ನೊಂದು ಭಾಗವನ್ನು ಏಳೆಂಟು ವರ್ಷಕ್ಕೆ ಬಿಟ್ಟುಕೊಟ್ಟು, ಉತ್ತಮ ಕಾಂಡ ಮತ್ತು ಬೇರು ಇರುವ ಹತ್ತನ್ನು ಮಾತ್ರ ಉಳಿಸಿಕೊಂಡರೆ ಮೊದಲ ಮಾರಾಟದ ಹಣವೇ ಕೊನೆಯ ಹತ್ತರ ಖರ್ಚನ್ನು ತೂಗಿಸಲು ನೆರವಾಗುತ್ತದೆ. ಕುಂಡ, ಉಪಕರಣ, ಮಣ್ಣಿನ ಮಾರಾಟ ಹಾಗೂ ತರಬೇತಿಯಿಂದ ನಡುವಿನ ವರ್ಷಗಳ ಆದಾಯ ಗಳಿಸುವುದೂ ಸಾಧ್ಯ.

ತೆರಿಗೆಯ ಪ್ರಶ್ನೆ

ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. ನರ್ಸರಿಯಲ್ಲಿ ಬೆಳೆಸಿದ ಸಸಿಗಳಿಂದ ಬರುವ ಆದಾಯವನ್ನು ಕೃಷಿ ಆದಾಯವೆಂದೇ ಭಾವಿಸಬೇಕೆಂಬ ವಿವರಣೆಯನ್ನು 2008ರ ಹಣಕಾಸು ಕಾಯ್ದೆಯ ಮೂಲಕ ಸೇರಿಸಲಾಯಿತು. 1961ರ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಇದು ಮುಂದುವರಿದಿದೆ. ಆದರೆ ಹತ್ತು ವರ್ಷ ತಿದ್ದಿದ ಮರವನ್ನು 'ಸಸಿ' ಎನ್ನಬಹುದೇ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆದುದರಿಂದ ಮೂಲ ತತ್ವವನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಕ್ಷೇಮ.

ರಾಜಾ ಬಿನಯ ಕುಮಾರ ಸಹಸ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1957ರಲ್ಲಿ ಈ ತತ್ವವನ್ನು ನಿರೂಪಿಸಿತು. ಉಳುವುದು, ಬಿತ್ತುವುದು, ನೆಡುವುದು ಮುಂತಾದ ಮೂಲ ಕೆಲಸಗಳು ಭೂಮಿಯ ಮೇಲೆ ನಡೆದಿರಬೇಕು. ಆಗ ಮಾತ್ರ ಅನಂತರದ ಆರೈಕೆಯೂ ಕೃಷಿಯ ಭಾಗವಾಗುತ್ತದೆ. ತಾನಾಗಿ ಬೆಳೆದುದರ ಮೇಲೆ ನಡೆಸುವ ಆರೈಕೆಯಷ್ಟೇ ಕೃಷಿಯಾಗದು. ಹೀಗಾಗಿ ಹಳೆಯ ಗೋಡೆಯಿಂದ ಕಿತ್ತ ಅರಳಿಯನ್ನು ನೇರವಾಗಿ ಕುಂಡಕ್ಕೆ ಹಾಕಿ ಮಾರಿದರೆ ವಿನಾಯಿತಿಯ ವಾದ ದುರ್ಬಲವಾಗುತ್ತದೆ. ಸ್ವಂತ ಅಥವಾ ಗುತ್ತಿಗೆ ಜಮೀನಿನಲ್ಲಿ ನೆಟ್ಟು, ಮೂರು ನಾಲ್ಕು ವರ್ಷ ಬೆಳೆಸಿ, ಬಳಿಕ ಕುಂಡಕ್ಕೆ ತಂದರೆ ವಾದ ಬಲಗೊಳ್ಳುತ್ತದೆ. ಕಾಂಡವನ್ನು ದಪ್ಪಗೊಳಿಸಲು ಕಲಾವಿದರು ಹೇಳುವ ಕ್ರಮವೂ ಇದೇ ಎಂಬುದು ಗಮನಾರ್ಹ. ಬೇರೆಯವರಿಂದ ಕೊಂಡ ಗಿಡವನ್ನು ಹಾಗೆಯೇ ಮಾರಿದರೆ, ಗಿಡಗಳನ್ನು ಬಾಡಿಗೆಗೆ ಕೊಟ್ಟರೆ ಅಥವಾ ತರಬೇತಿ ನೀಡಿದರೆ ಬರುವುದು ವ್ಯಾಪಾರದ ಆದಾಯ. ಇದರ ಲೆಕ್ಕ ಪ್ರತ್ಯೇಕವಾಗಿರಬೇಕು.

ಜಿ.ಎಸ್.ಟಿ. ಅಡಿಯಲ್ಲಿ ಜೀವಂತ ಗಿಡಗಳ ಮಾರಾಟಕ್ಕೆ ತೆರಿಗೆ ಇಲ್ಲ. ಆದರೆ ಬಾಡಿಗೆ, ತರಬೇತಿ ಮುಂತಾದ ಸೇವೆಗಳು ಸೇರಿದೊಡನೆ ನೋಂದಣಿಯ ಮಿತಿಯನ್ನು ಗಮನಿಸಬೇಕಾಗುತ್ತದೆ.

ಲೆಕ್ಕಪುಸ್ತಕದಲ್ಲಿ

ತೆಂಗು, ಅಡಿಕೆ ಮರಗಳು ವರ್ಷವರ್ಷವೂ ಫಸಲು ಕೊಡುವ ಸ್ಥಿರಾಸ್ತಿ. ಅವುಗಳಿಗೆ ಸವಕಳಿ ಉಂಟು. ಮಾರಾಟಕ್ಕೆಂದು ಬೆಳೆಸುವ ಬೋನ್ಸಾಯ್‌ನಲ್ಲಿ ಮರವೇ ಸರಕು. ಅದಕ್ಕೆ ಸವಕಳಿ ಸಲ್ಲದು. ಪ್ರತಿ ಗಿಡಕ್ಕೂ ಕ್ರಮಸಂಖ್ಯೆ ನೀಡಿ, ತಂದ ಮೂಲ, ನೆಟ್ಟ ದಿನಾಂಕ, ಬೇರು ಕತ್ತರಿಸಿದ ದಿನ, ಖರ್ಚು ಮತ್ತು ವಾರ್ಷಿಕ ಛಾಯಾಚಿತ್ರವನ್ನು ದಾಖಲಿಸಬೇಕು. ಸತ್ತ ಗಿಡವನ್ನು ಅದೇ ವರ್ಷ ಲೆಕ್ಕದಿಂದ ತೆಗೆಯಬೇಕು. ಈ ದಾಖಲೆಯೇ ಬ್ಯಾಂಕಿನ ಮುಂದೆ, ತೆರಿಗೆ ಅಧಿಕಾರಿಯ ಮುಂದೆ, ಕೊಳ್ಳುವವರ ಮುಂದೆ ಮರದ ವಯಸ್ಸಿಗೆ ಸಾಕ್ಷಿ.

ಕೊನೆಯದಾಗಿ ಒಂದು ಎಚ್ಚರಿಕೆ. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. ಜೋಗಿಮಟ್ಟಿ ಅರಣ್ಯ ಪ್ರದೇಶ. ಅಲ್ಲಿನ ಗಿಡಗಳು ಎಷ್ಟೇ ಸೊಗಸಾಗಿ ಕುಬ್ಜಗೊಂಡಿದ್ದರೂ ಅನುಮತಿಯಿಲ್ಲದೆ ಕೀಳುವುದು ಅಪರಾಧ. ಕೆಡವುವ ಹಳೆಯ ಮನೆ ಹಾಗೂ ಹಾಳುಬಾವಿಗಳ ಗೋಡೆಗಳಲ್ಲಿ ಬೆಳೆದು, ಕಳೆಯೆಂದು ಕಡಿದೆಸೆಯಲಾಗುವ ಆಲ, ಬಸರಿ, ಅತ್ತಿಗಳನ್ನು ಮಾಲೀಕರ ಒಪ್ಪಿಗೆಯಿಂದ ತಂದು ನೆಲದಲ್ಲಿ ನೆಟ್ಟು ಆರಂಭಿಸುವುದೇ ಸರಿಯಾದ ಮಾರ್ಗ. ಸಾಲದ ಹಣದಿಂದಲ್ಲ, ಇತರ ಆದಾಯದಲ್ಲಿ ಉಳಿದ ಹಣದಿಂದ, ಹತ್ತಿಪ್ಪತ್ತು ಗಿಡಗಳೊಂದಿಗೆ ತೊಡಗುವವರಿಗೆ ಈ ಉದ್ಯಮ ತಕ್ಕುದು. ಮೂರು ವರ್ಷದಲ್ಲಿ ಅಸಲು ಮರಳಬೇಕೆನ್ನುವವರು ಬೇರೆ ವ್ಯಾಪಾರವನ್ನು ಆರಿಸಿಕೊಳ್ಳುವುದೇ ಲೇಸು.